ಪದವಿ, ಹುದ್ದೆ ಮತ್ತು ಕ್ಷೇತ್ರ: ಸಾರ್ವಜನಿಕ ಆರೋಗ್ಯ ಶಿಕ್ಷಣದ ಚರಿತ್ರೆಯಲ್ಲಿ ಕನ್ನಡ ನಾಡು

೧

ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಆರೋಗ್ಯವನ್ನು ಕುರಿತ ಸ್ನಾತಕೋತ್ತರ ಅಧ್ಯಯನ ಇಂದು ಸಾಕಷ್ಟು ಹಬ್ಬಿದೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಪುಣೆ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮುಂತಾದ ಕಡೆಗಳಲ್ಲಿ ವೈದ್ಯಕೀಯ ಪದವೀಧರರು ಮಾತ್ರವಲ್ಲದೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಶುಶ್ರೂಷಾ ವಿಜ್ಞಾನ ಮೊದಲಾದ ಬೇರೆಬೇರೆ ಹಿನ್ನೆಲೆಯ ವಿದ್ಯಾರ್ಥಿಗಳೂ ಈ ಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾರೆ. ಈ ವಿದ್ಯಾರ್ಥಿಗಳಲ್ಲಿ ಕನ್ನಡಿಗರೂ ಇದ್ದಾರೆ. ಪದವಿಯನ್ನು ಪಡೆದ ಮೇಲೆ ಮುಂದೇನು ಎಂಬ ಪ್ರಶ್ನೆ ಅವರೆಲ್ಲರನ್ನೂ ಸಮಾನವಾಗಿ ಕಾಡುತ್ತದೆ. ಎಂಜಿನಿಯರನಿಗೆ ಲೋಕೋಪಯೋಗಿ ಇಲಾಖೆಯಿದೆ, ಕಾನೂನು ಓದಿದವನಿಗೆ ನ್ಯಾಯಾಲಯವಿದೆ, ವೈದ್ಯನಿಗೆ ಆಸ್ಪತ್ರೆಯಿದೆ. ಸಾರ್ವಜನಿಕ ಆರೋಗ್ಯವನ್ನು ಓದಿದವನ ನೆಲೆ ಯಾವುದು?

ಈ ಪ್ರಶ್ನೆ ಮೇಲುನೋಟಕ್ಕೆ ಉದ್ಯೋಗ ಮಾರ್ಗದರ್ಶನದ ಪ್ರಶ್ನೆಯಂತೆ ತೋರಿದರೂ ಇದರ ಬೇರುಗಳಿರುವುದು ಚರಿತ್ರೆಯಲ್ಲಿ. ಒಂದು ಜ್ಞಾನಶಾಖೆ ವಿಶ್ವವಿದ್ಯಾಲಯದಲ್ಲಿ ನೆಲೆಗೊಳ್ಳುವುದು ಅದರ ಬೌದ್ಧಿಕ ಸತ್ತ್ವದಿಂದ ಮಾತ್ರವಲ್ಲ. ಆ ಜ್ಞಾನವನ್ನು ಬೇಡುವ ಹುದ್ದೆಯೊಂದು ಪ್ರಭುತ್ವದ ವ್ಯವಸ್ಥೆಯೊಳಗೆ ಇದೆಯೇ ಎಂಬುದರಿಂದಲೂ ಹೌದು. ಪದವಿಗೂ ಹುದ್ದೆಗೂ ಇರುವ ಈ ನಂಟು ಭಾರತದಲ್ಲಿ ಎಲ್ಲಿ ಕಟ್ಟಲ್ಪಟ್ಟಿತು, ಎಲ್ಲಿ ಸಡಿಲವಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಾಗೆ ಪರಿಶೀಲಿಸುವಾಗ ಇನ್ನೊಂದು ಸಂಗತಿಯೂ ಗೋಚರವಾಗುತ್ತದೆ. ಈ ಶಾಸ್ತ್ರದ ಪದವಿಗಳು ರೂಪುಗೊಂಡದ್ದು ಬಹುಮಟ್ಟಿಗೆ ಕಲ್ಕತ್ತ, ದೆಹಲಿ, ತಿರುವನಂತಪುರಗಳಲ್ಲಿ. ಆದರೆ ಈ ಶಾಸ್ತ್ರ ತನ್ನ ತಿಳಿವನ್ನು ಕಂಡುಕೊಂಡ ಕ್ಷೇತ್ರಗಳ ಪೈಕಿ ಮಂಡ್ಯ, ರಾಮನಗರ, ತುಮಕೂರುಗಳಂಥ ಕನ್ನಡದ ಊರುಗಳಿಗೆ ಮಹತ್ತ್ವದ ಸ್ಥಾನವಿದೆ. ಹೊರನಾಡಿನ ಸಂಶೋಧಕರು ಗಮನಿಸಬೇಕಾದ ಅಂಶವಿದು.

೨

ಸಾರ್ವಜನಿಕ ಆರೋಗ್ಯದ ಪದವಿ ಮೊದಲಿಗೆ ವೈದ್ಯನ ಎರಡನೆಯ ಪದವಿಯಾಗಿ ಹುಟ್ಟಿತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜು ೧೮೭೧ರಲ್ಲಿಯೂ ಕೇಂಬ್ರಿಜ್ ವಿಶ್ವವಿದ್ಯಾಲಯ ೧೮೭೫ರಲ್ಲಿಯೂ ಈ ಬಗೆಯ ಡಿಪ್ಲೊಮಾ ಪರೀಕ್ಷೆಗಳನ್ನು ಆರಂಭಿಸಿದವು. ಮುಂದೆ ಡಿ.ಪಿ.ಎಚ್. ಎಂಬ ಮೂರಕ್ಷರಗಳಲ್ಲಿ ಇದು ಸಾಮ್ರಾಜ್ಯದಾದ್ಯಂತ ಪರಿಚಿತವಾಯಿತು. ಆದರೆ ಇದಕ್ಕೆ ನಿಜವಾದ ಬೆಲೆ ಬಂದದ್ದು ೧೮೮೮ರ ಸ್ಥಳೀಯ ಸರ್ಕಾರ ಕಾಯಿದೆಯಿಂದ. ಐವತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ಜಿಲ್ಲೆಗಳಲ್ಲಿ ಆರೋಗ್ಯಾಧಿಕಾರಿಯಾಗಿ ನೇಮಕಗೊಳ್ಳುವವನು ೧೮೯೨ರಿಂದಾಚೆಗೆ ಈ ವಿಶೇಷ ಅರ್ಹತೆಯನ್ನು ಪಡೆದಿರಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಹುದ್ದೆ ಪದವಿಯನ್ನು ಬೇಡಿತು. ಪದವಿ ಪಾಠಕ್ರಮವನ್ನು ಬೇಡಿತು. ಪಾಠಕ್ರಮ ಅಧ್ಯಾಪಕರನ್ನೂ ಪ್ರಯೋಗಾಲಯವನ್ನೂ ಬೇಡಿತು. ಒಂದು ಶಾಸ್ತ್ರ ವಿಶ್ವವಿದ್ಯಾಲಯದೊಳಗೆ ಬೇರೂರಿದ ಬಗೆ ಇದು.

ಭಾರತದ ಸನ್ನಿವೇಶ ಭಿನ್ನವಾಗಿತ್ತು. ಇಲ್ಲಿ ನೈರ್ಮಲ್ಯದ ವಿಚಾರ ಮೊದಲು ಬಂದದ್ದು ದಂಡಿನ ಪಾಳೆಯದಿಂದ. ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತ ರಾಜಾಯೋಗದ ವರದಿಯ ಫಲವಾಗಿ ೧೮೬೪ರಲ್ಲಿ ಬಂಗಾಳ, ಮದರಾಸು, ಬೊಂಬಾಯಿ ಪ್ರಾಂತಗಳಿಗೆ ನೈರ್ಮಲ್ಯ ಆಯೋಗಗಳು ನೇಮಕವಾದವು. ಸೈನಿಕರ ಬ್ಯಾರಕ್ಕುಗಳ ಸುತ್ತ ಹುಟ್ಟಿದ ಈ ಕಾಳಜಿ ಊರುಕೇರಿಗಳಿಗೆ ಹಬ್ಬಿದ್ದು ಬಹಳ ನಿಧಾನವಾಗಿ. ಅದನ್ನು ಬಲವಂತವಾಗಿ ಊರೊಳಗೆ ತಂದದ್ದು ಪ್ಲೇಗು. ೧೮೯೬ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ರೈಲುಹಾದಿಯನ್ನು ಹಿಡಿದು ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿ, ೧೮೯೮ರ ಆಗಸ್ಟಿನ ವೇಳೆಗೆ ಬೆಂಗಳೂರಿಗೂ ಬಂದಿತು. ಹಾಫ್‌ಕಿನ್ ಬೊಂಬಾಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ವ್ಯಾಪಕವಾಗಿ ಹಾಕಲಾಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೂ ಪ್ಲೇಗಿನ ಭೀತಿಗೂ ಇರುವ ಸಂಬಂಧ ಸುಪರಿಚಿತವಾದುದು.

ಪ್ಲೇಗಿನ ವರ್ಷಗಳು ಎರಡು ವಿಷಯಗಳನ್ನು ಸ್ಪಷ್ಟಪಡಿಸಿದವು. ಮೊದಲನೆಯದು, ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯಂಥ ಅಧಿಕಾರವನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ ಎಂಬುದು. ಮನೆ ತೆರವು, ಶೋಧನೆ, ಬಲವಂತದ ಆಸ್ಪತ್ರೆವಾಸಗಳು ಜನರನ್ನು ರೊಚ್ಚಿಗೆಬ್ಬಿಸಿದವು; ಪುಣೆಯಲ್ಲಿ ೧೮೯೭ರಲ್ಲಿ ಪ್ಲೇಗು ಸಮಿತಿಯ ಅಧಿಕಾರಿ ರ‍್ಯಾಂಡ್‌ನ ಹತ್ಯೆಯೇ ನಡೆಯಿತು. ಎರಡನೆಯದು, ರೋಗವನ್ನು ತಡೆಯುವ ಕೆಲಸ ರೋಗಿಯನ್ನು ನೋಡುವ ಕೆಲಸಕ್ಕಿಂತ ಬೇರೆಯಾದುದು ಎಂಬುದು. ಇಲಿಯ ಸಾವನ್ನು ಗುರುತಿಸುವುದು, ಊರಿನ ಸಾವುಗಳ ಲೆಕ್ಕ ಇಡುವುದು, ಜನರನ್ನು ಒಲಿಸುವುದು, ಮನೆ ಮತ್ತು ಚರಂಡಿಗಳ ವಿನ್ಯಾಸವನ್ನು ಬದಲಿಸುವುದು - ಇವು ಅಂದಿನ ವೈದ್ಯಕೀಯ ಶಾಲೆಗಳು ಕಲಿಸುತ್ತಿದ್ದ ವಿದ್ಯೆಗಳಲ್ಲ. ಇವುಗಳಿಗೆ ಬೇರೆಯೇ ತರಬೇತಿ ಬೇಕೆಂಬ ಅರಿವು ಆಡಳಿತದಲ್ಲಿ ಮೂಡತೊಡಗಿತು.

೩

ಮೊದಲ ಮಹಾಯುದ್ಧದ ಅವಧಿಯಲ್ಲಿ ಈ ಶಿಕ್ಷಣಕ್ಕೆ ಹೊಸದೊಂದು ಮಾದರಿ ಅಮೆರಿಕದಿಂದ ಬಂದಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ೧೯೧೬ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯದ ಶಾಲೆ ಸ್ಥಾಪಿತವಾಯಿತು. ವೈದ್ಯಕೀಯ ಕಾಲೇಜಿನ ಒಂದು ವಿಭಾಗವಾಗಿ ಉಳಿಯದೆ ತನ್ನದೇ ಅಧ್ಯಾಪಕವರ್ಗ, ಪ್ರಯೋಗಾಲಯ, ಕ್ಷೇತ್ರಗಳನ್ನು ಹೊಂದಿದ ಸ್ವತಂತ್ರ ಶಾಲೆ ಎಂಬುದು ಈ ಮಾದರಿಯ ವೈಶಿಷ್ಟ್ಯ. ಅದೇ ಪ್ರತಿಷ್ಠಾನದ ಧನಸಹಾಯದಿಂದ ೧೯೩೨ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಭಾರತದ ಆರೋಗ್ಯಾಧಿಕಾರಿಗಳು ಡಿ.ಪಿ.ಎಚ್. ಪದವಿಗಾಗಿ ಇಂಗ್ಲೆಂಡಿಗೆ ಹಡಗು ಹತ್ತಬೇಕಾದ ಅನಿವಾರ್ಯ ಇದರಿಂದ ಕಡಿಮೆಯಾಯಿತು. ಪ್ರಾಂತಗಳ ಸರ್ಕಾರಗಳು ತಮ್ಮ ಅಧಿಕಾರಿಗಳನ್ನು ನಿಯೋಜನೆಯ ಮೇಲೆ ಅಲ್ಲಿಗೆ ಕಳುಹಿಸುವ ಪದ್ಧತಿ ಬೆಳೆಯಿತು. ಹೀಗೆ ಹೋದವನು ಓದು ಮುಗಿಸಿ ತನ್ನ ಹುದ್ದೆಗೆ ಮರಳುತ್ತಿದ್ದನಾದ್ದರಿಂದ ಪದವಿಯ ಮುಂದೇನು ಎಂಬ ಪ್ರಶ್ನೆ ಅವನ ಪಾಲಿಗೆ ಹುಟ್ಟುತ್ತಲೇ ಇರಲಿಲ್ಲ.

ಮೈಸೂರು ಸಂಸ್ಥಾನದ ಪ್ರಯೋಗ ಇದಕ್ಕೂ ಕೆಲವು ವರ್ಷ ಹಿಂದಿನದು. ೧೯೨೦ರ ದಶಕದ ಉತ್ತರಾರ್ಧದಲ್ಲಿ ಸಂಸ್ಥಾನದ ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರವನ್ನು ಕೋರಿತು. ಪ್ರತಿಷ್ಠಾನದ ಪ್ರತಿನಿಧಿಯಾಗಿ ಬಂದ ಡಾ. ಜೇಕಾಕ್ಸ್ ಅವರ ಸಲಹೆಯಂತೆ ಆಸ್ಪತ್ರೆಗಳ ಆಡಳಿತದಿಂದ ಬೇರೆಯಾದ ಆರೋಗ್ಯ ಇಲಾಖೆಯೊಂದು ರೂಪುಗೊಂಡಿತು. ಗ್ರಾಮೀಣ ಆರೋಗ್ಯದ ಪ್ರಾಯೋಗಿಕ ಘಟಕ ಮಂಡ್ಯದಲ್ಲಿ ಆರಂಭವಾಯಿತು. ಅಂದು ಕ್ಲೋಸ್‌ಪೇಟೆ ಎಂದು ಹೆಸರಾಗಿದ್ದ ರಾಮನಗರದಲ್ಲಿ ೧೯೩೦ರ ದಶಕದಲ್ಲಿ ಆರೋಗ್ಯ ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಬಂಗಾಳದ ಪ್ರಸಿದ್ಧ ಸಿಂಗೂರು ಆರೋಗ್ಯ ಘಟಕ ಕಾಣಿಸಿಕೊಂಡದ್ದು ೧೯೩೯ರಲ್ಲಿ ಎಂಬುದನ್ನು ನೆನೆದರೆ ಮೈಸೂರಿನ ಈ ಘಟಕಗಳ ಕಾಲಿಕ ಮಹತ್ತ್ವ ತಿಳಿಯುತ್ತದೆ.

ಇಂಥ ಘಟಕಗಳ ಕಾರ್ಯವಿಧಾನ ಗಮನಾರ್ಹವಾದುದು. ಸೀಮಿತವಾದ ಒಂದು ಪ್ರದೇಶವನ್ನೂ ಅದರ ಜನಸಂಖ್ಯೆಯನ್ನೂ ಆಯ್ದುಕೊಂಡು, ಅಲ್ಲಿ ಪೂರ್ಣಾವಧಿಯ ಆರೋಗ್ಯಾಧಿಕಾರಿ, ಆರೋಗ್ಯ ನಿರೀಕ್ಷಕರು, ದಾದಿಯರು, ಸೂಲಗಿತ್ತಿಯರು ಒಂದು ತಂಡವಾಗಿ ದುಡಿಯುವುದು. ಜನನ ಮರಣಗಳ ನೋಂದಣಿಯನ್ನು ಸರಿಪಡಿಸುವುದು. ದೇವಿ ಹಾಕುವುದು, ಬಾಣಂತಿ ಮಕ್ಕಳ ಆರೈಕೆ, ಕುಡಿಯುವ ನೀರು, ಪಾಯಿಖಾನೆ, ಮಲೇರಿಯಾ ನಿಯಂತ್ರಣಗಳನ್ನು ಒಟ್ಟೊಟ್ಟಿಗೆ ನಡೆಸುವುದು ಇದರ ರೀತಿ. ಮಂಡ್ಯದ ಸುತ್ತಿಗೆ ಇರ್ವಿನ್ ನಾಲೆಯ ನೀರಿನೊಂದಿಗೆ ಮಲೇರಿಯಾ ಕೂಡ ಹರಡಿತೆಂಬ ಸಂಗತಿ ನೀರಾವರಿಯ ಯೋಜನೆಗೂ ಆರೋಗ್ಯದ ಯೋಜನೆಗೂ ಇರಬೇಕಾದ ಸಂಬಂಧವನ್ನು ಕಣ್ಣೆದುರಿಗೆ ತಂದಿತು. ಎಂಜಿನಿಯರನ ನಕ್ಷೆಯಲ್ಲಿ ನಾಲೆಯಾದದ್ದು ಆರೋಗ್ಯಾಧಿಕಾರಿಯ ನಕ್ಷೆಯಲ್ಲಿ ಸೊಳ್ಳೆಯ ನೆಲೆಯಾಗಬಲ್ಲುದು ಎಂಬ ಪಾಠ ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿತ್ತು. ಮೈಸೂರು ಸರ್ಕಾರ ೧೯೩೦ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಮುಂದಾದದ್ದನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು.

ರಾಮನಗರದ ಹೆಸರು ಸ್ವಾತಂತ್ರ್ಯಾನಂತರ ಮತ್ತೊಮ್ಮೆ ಈ ಚರಿತ್ರೆಯಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ೧೯೫೨ರಲ್ಲಿ ಋತುಚಕ್ರವನ್ನು ಆಧರಿಸಿದ ಸಂತಾನ ನಿಯಂತ್ರಣದ ವಿಧಾನವನ್ನು ಪರೀಕ್ಷಿಸಲು ಭಾರತ ಸರ್ಕಾರ ಆರಿಸಿದ್ದು ಎರಡು ಸ್ಥಳಗಳನ್ನು: ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ರಾಮನಗರ. ದಿನಗಳ ಲೆಕ್ಕವಿಡಲು ಬಣ್ಣಬಣ್ಣದ ಮಣಿಗಳ ಸರವನ್ನು ಹೆಂಗಸರಿಗೆ ಕೊಟ್ಟದ್ದು ಈ ಪ್ರಯೋಗದ ಅಂಗವಾಗಿತ್ತು. ನಿರೀಕ್ಷಿತ ಫಲ ದೊರೆಯಲಿಲ್ಲ. ಆದರೆ ಮನೆಯೊಳಗಿನ ಬದುಕನ್ನು ಅರಿಯದೆ ಹೊರಗಿನಿಂದ ತಂದ ವಿಧಾನ ಸೋಲುತ್ತದೆ ಎಂಬ ತಿಳಿವಿಗೆ ಇಂಥ ಸೋಲುಗಳೇ ಆಧಾರವಾದವು. ಆರೋಗ್ಯದ ಅಧ್ಯಯನಕ್ಕೆ ಸಮಾಜವಿಜ್ಞಾನದ ಅಗತ್ಯವಿದೆ ಎಂಬ ವಾದಕ್ಕೆ ಇವು ಪೂರ್ವಪೀಠಿಕೆ.

೪

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿ ಸಲ್ಲಿಸಿದ ಸಮಿತಿ ಭಾರತದ ಆರೋಗ್ಯ ವ್ಯವಸ್ಥೆಯ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ರೋಗ ತಡೆಯುವ ಕೆಲಸವನ್ನೂ ಚಿಕಿತ್ಸೆಯ ಕೆಲಸವನ್ನೂ ಎಲ್ಲ ಹಂತಗಳಲ್ಲಿಯೂ ಒಂದುಗೂಡಿಸಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಈ ವ್ಯವಸ್ಥೆಯ ಬುನಾದಿಯಾಗಿಸಬೇಕು, ಭಾವೀ ವೈದ್ಯ ಸಾಮಾಜಿಕ ದೃಷ್ಟಿಯುಳ್ಳ ವೈದ್ಯನಾಗಬೇಕು ಎಂಬುವು ಅದರ ಮುಖ್ಯ ಆಶಯಗಳು. ಈ ಆಶಯದಂತೆ ವೈದ್ಯಕೀಯ ಕಾಲೇಜುಗಳಲ್ಲಿ ರೋಗಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದ ವಿಭಾಗಗಳು ಸ್ಥಾಪನೆಯಾದವು. ಇದೇ ವಿಷಯ ಮುಂದೆ ಸಮುದಾಯ ವೈದ್ಯಶಾಸ್ತ್ರ ಎಂಬ ಹೆಸರನ್ನು ಪಡೆಯಿತು.

ಆಶಯ ಉದಾತ್ತವಾಗಿತ್ತು. ಆದರೆ ಅದು ಆಡಳಿತಕ್ಕಿಳಿದಾಗ ನಡೆದದ್ದು ಬೇರೆ. ಭೋರ್ ಸಮಿತಿ ಹೇಳಿದ ಏಕೀಕರಣವನ್ನು ಹಲವು ರಾಜ್ಯಗಳು ಎರಡು ಇಲಾಖೆಗಳ ವಿಲೀನವಾಗಿ ಮಾತ್ರ ಗ್ರಹಿಸಿದವು. ಆಸ್ಪತ್ರೆಗಳ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದಾದಾಗ ಎರಡರಲ್ಲಿ ಗಾತ್ರದಲ್ಲಿಯೂ ಪ್ರತಿಷ್ಠೆಯಲ್ಲಿಯೂ ಹಿರಿದಾದ ಆಸ್ಪತ್ರೆಯ ಪಕ್ಷವೇ ಮೇಲುಗೈ ಪಡೆಯಿತು. ಶಸ್ತ್ರವೈದ್ಯನೊಬ್ಬ ಸೇವಾ ಜ್ಯೇಷ್ಠತೆಯ ಬಲದಿಂದ ಜಿಲ್ಲೆಯ ಆರೋಗ್ಯಾಧಿಕಾರಿಯಾಗುವುದೂ, ಡಿ.ಪಿ.ಎಚ್. ಓದಿದವನು ಬಡ್ತಿಗಾಗಿ ಆಸ್ಪತ್ರೆಯ ಹುದ್ದೆಯನ್ನು ಅರಸುವುದೂ ಸಾಧ್ಯವಾಯಿತು. ಹುದ್ದೆ ಪದವಿಯನ್ನು ಬೇಡುವುದನ್ನು ಬಿಟ್ಟಿತು. ಅದರ ಪರಿಣಾಮ ತರಗತಿಗೂ ತಲುಪಿತು. ವೈದ್ಯಕೀಯ ವಿದ್ಯಾರ್ಥಿಗಳ ದೃಷ್ಟಿಯಲ್ಲಿ ಸಮುದಾಯ ವೈದ್ಯಶಾಸ್ತ್ರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕಾದ ವಿಷಯವಾಗಿ ಉಳಿಯಿತೇ ಹೊರತು ಜೀವಮಾನದ ವೃತ್ತಿಯಾಗಿ ಬೆಳೆಯಲಿಲ್ಲ. ಆ ವಿಷಯದಲ್ಲಿ ಉನ್ನತ ಪದವಿ ಪಡೆದವರಲ್ಲಿ ಬಹುಪಾಲಿನವರು ಮತ್ತೆ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಾದರು.

ಇದಕ್ಕೆ ವಿರುದ್ಧವಾದ ನಿದರ್ಶನ ಮದರಾಸಿನದು. ಮದರಾಸು ಪ್ರಾಂತ ೧೯೩೯ರಲ್ಲಿಯೇ ಸಮಗ್ರವಾದ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನು ಜಾರಿಗೆ ತಂದಿತು. ಅಂದು ಆ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಈ ಕಾಯಿದೆಯ ವ್ಯಾಪ್ತಿಗೆ ಸೇರಿದ್ದವು. ಸ್ವಾತಂತ್ರ್ಯಾನಂತರ ಇತರ ರಾಜ್ಯಗಳು ವಿಲೀನದ ಹಾದಿ ಹಿಡಿದಾಗಲೂ ತಮಿಳುನಾಡು ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ಆಯವ್ಯಯ, ಪ್ರತ್ಯೇಕ ವೃಂದಗಳನ್ನು ಉಳಿಸಿಕೊಂಡಿತು. ಅಲ್ಲಿ ಆರೋಗ್ಯಾಧಿಕಾರಿಯಾಗಿ ಮೇಲೇರಲು ಸಾರ್ವಜನಿಕ ಆರೋಗ್ಯದ ಅರ್ಹತೆ ಬೇಕು; ಅರ್ಹತೆ ಪಡೆದವನಿಗೆ ನಿರ್ದೇಶಕನ ಹುದ್ದೆಯವರೆಗೂ ಹಾದಿಯಿದೆ. ಪ್ರವಾಹ, ಸುನಾಮಿಗಳಂಥ ವಿಪತ್ತುಗಳ ನಂತರ ಸಾಂಕ್ರಾಮಿಕಗಳನ್ನು ತಡೆಯುವಲ್ಲಿ ಆ ರಾಜ್ಯ ತೋರಿದ ಸಾಮರ್ಥ್ಯವನ್ನು ವಿದ್ವಾಂಸರು ಈ ವ್ಯವಸ್ಥೆಯೊಂದಿಗೆ ಸಂಬಂಧಿಸಿ ವಿವೇಚಿಸಿದ್ದಾರೆ. ಚೆನ್ನೈಯಲ್ಲಿ ನೆಲೆಸಿದ ಕನ್ನಡ ಸಂಶೋಧಕರಿಗೆ ಇದು ಹತ್ತಿರದಲ್ಲಿಯೇ ಇರುವ ಅಧ್ಯಯನ ವಸ್ತು.

ಮೈಸೂರಿನ ಸಂದರ್ಭದಲ್ಲಿ ಒಂದು ತೊಡಕು ಇದ್ದುದನ್ನೂ ಮರೆಯಲಾಗದು. ೧೯೫೬ರ ನವೆಂಬರ್ ಒಂದರಂದು ಒಂದುಗೂಡಿದ ಕನ್ನಡ ನಾಡಿನಲ್ಲಿ ಹಳೆಯ ಮೈಸೂರು, ಬೊಂಬಾಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಪರಂಪರೆಗಳಿದ್ದವು. ಅಧಿಕಾರಿಗಳ ಅರ್ಹತೆ, ಜ್ಯೇಷ್ಠತೆ, ಸೇವಾನಿಯಮಗಳನ್ನು ಹೊಂದಿಸುವುದೇ ದೊಡ್ಡ ಕಾರ್ಯವಾಗಿದ್ದ ಸಮಯವದು. ಮಂಡ್ಯ, ರಾಮನಗರಗಳಲ್ಲಿ ಮೂಡಿದ್ದ ಸ್ವತಂತ್ರ ಆರೋಗ್ಯ ಇಲಾಖೆಯ ಕಲ್ಪನೆ ಹೊಸ ರಾಜ್ಯದಲ್ಲಿ ಮದರಾಸಿನಂತೆ ಗಟ್ಟಿಯಾಗಿ ನಿಲ್ಲಲಿಲ್ಲ. ಕರ್ನಾಟಕದಲ್ಲಿಯೂ ವೈದ್ಯಕೀಯ ಮತ್ತು ಆರೋಗ್ಯ ಸೇವೆಗಳು ಒಂದೇ ಚೌಕಟ್ಟಿಗೆ ಬಂದವು.

೫

ಹುದ್ದೆಯ ನಂಟು ಹೀಗೆ ಸಡಿಲಗೊಳ್ಳುತ್ತಿದ್ದ ಕಾಲದಲ್ಲಿಯೇ ಶಾಸ್ತ್ರದ ಒಳಗೆ ದೊಡ್ಡದೊಂದು ಪಲ್ಲಟ ನಡೆಯಿತು. ಅದರ ಕ್ಷೇತ್ರ ತುಮಕೂರು.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪನೆಯಾಯಿತು. ಕ್ಷಯವೆಂದರೆ ಸ್ಯಾನಿಟೋರಿಯಂ ಎಂಬ ಭಾವನೆ ಇನ್ನೂ ಬಲವಾಗಿದ್ದ ದಿನಗಳವು. ಮನೆಯಲ್ಲಿಯೇ ಉಳಿದು ಔಷಧಿ ತೆಗೆದುಕೊಂಡ ರೋಗಿಗಳೂ ಸ್ಯಾನಿಟೋರಿಯಂ ವಾಸಿಗಳಷ್ಟೇ ಗುಣಹೊಂದುತ್ತಾರೆಂದು ಮದರಾಸಿನ ಸಂಶೋಧನೆ ಅದೇ ೧೯೫೯ರಲ್ಲಿ ತೋರಿಸಿಕೊಟ್ಟಿತ್ತು. ಹಾಗಾದರೆ ಹಳ್ಳಿಗಳಲ್ಲಿರುವ ಲಕ್ಷಾಂತರ ರೋಗಿಗಳನ್ನು ತಲುಪುವುದು ಹೇಗೆ? ಕ್ಷಕಿರಣ ಯಂತ್ರಗಳನ್ನು ಹೊತ್ತ ವಾಹನಗಳು ಊರೂರು ಸುತ್ತಬೇಕೇ? ಹಳ್ಳಿಗ ಅಜ್ಞಾನಿ, ಅವನಿಗೆ ತನ್ನ ರೋಗದ ಅರಿವಿಲ್ಲ, ಅವನನ್ನು ಹುಡುಕಿಕೊಂಡು ನಾವೇ ಹೋಗಬೇಕು ಎಂಬುದು ಅಂದಿನ ಸಾಮಾನ್ಯ ಗ್ರಹಿಕೆಯಾಗಿತ್ತು.

ಈ ಗ್ರಹಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ತುಮಕೂರು ಜಿಲ್ಲೆಯಲ್ಲಿ ನಡೆದ ಕ್ಷಯರೋಗದ ಸಮೀಕ್ಷೆಯಲ್ಲಿ ರೋಗಿಗಳೆಂದು ಗುರುತಿಸಲ್ಪಟ್ಟವರನ್ನು ಅವರವರ ಮನೆಗಳಲ್ಲಿ ಸಂದರ್ಶಿಸಲಾಯಿತು. ಫಲಿತಾಂಶ ಅಂದಿನ ಗ್ರಹಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣುಗಳಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅವರಲ್ಲಿ ಹೆಚ್ಚಿನವರು ಅದರ ಬಗ್ಗೆ ಚಿಂತಿತರಾಗಿದ್ದರು. ಅರ್ಧದಷ್ಟು ಮಂದಿ ಪರಿಹಾರವನ್ನು ಅರಸಿ ಆಸ್ಪತ್ರೆ, ಔಷಧಾಲಯಗಳ ಬಾಗಿಲಿಗೆ ಆಗಲೇ ಹೋಗಿಬಂದಿದ್ದರು. ಕೊರತೆಯಿದ್ದದ್ದು ರೋಗಿಯ ತಿಳಿವಳಿಕೆಯಲ್ಲಿ ಅಲ್ಲ. ಕೆಮ್ಮುತ್ತ ಬಂದವನ ಕಫವನ್ನು ಪರೀಕ್ಷಿಸದೆ ಔಷಧದ ಶೀಷೆಯೊಂದನ್ನು ಕೊಟ್ಟು ಕಳುಹಿಸುವ ವ್ಯವಸ್ಥೆಯಲ್ಲಿ. ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಆರೋಗ್ಯದ ಸಮಾಜಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಿತವಾಗುತ್ತದೆ. ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಪ್ರತ್ಯೇಕ ವ್ಯವಸ್ಥೆಯಾಗದೆ ಸಾಮಾನ್ಯ ಆರೋಗ್ಯ ಕೇಂದ್ರಗಳೊಂದಿಗೆ ಬೆಸೆದುಕೊಳ್ಳಲು ಈ ಬಗೆಯ ತಿಳಿವೇ ಆಧಾರವಾಯಿತು.

ಇಲ್ಲಿ ಭಾಷೆಯ ಪ್ರಶ್ನೆಯೊಂದಿದೆ. ತುಮಕೂರು ಸೀಮೆಯ ರೈತನೊಬ್ಬ ತನ್ನ ಕೆಮ್ಮನ್ನು, ದಮ್ಮನ್ನು, ರಾತ್ರಿಯ ಜ್ವರವನ್ನು ವಿವರಿಸಿದ್ದು ತನ್ನ ಮನೆಮಾತಿನಲ್ಲಿ. ಅದು ಜಗತ್ತಿಗೆ ತಲುಪಿದ್ದು ಇಂಗ್ಲಿಷಿನಲ್ಲಿ, ಕೋಷ್ಟಕಗಳ ರೂಪದಲ್ಲಿ. ಕನ್ನಡಿಗರ ಮಾತು ಶಾಸ್ತ್ರವಾಯಿತು, ಆದರೆ ಆ ಶಾಸ್ತ್ರ ಕನ್ನಡಕ್ಕೆ ಮರಳಿದ್ದು ಅಲ್ಪ. ಅನುಪಮಾ ನಿರಂಜನರಂಥ ವೈದ್ಯಲೇಖಕಿಯರು ಆರೋಗ್ಯದ ತಿಳಿವನ್ನು ಜನಸಾಮಾನ್ಯರಿಗೆ ಕನ್ನಡದಲ್ಲಿ ಒದಗಿಸಿದ್ದು ದೊಡ್ಡ ಸೇವೆ. ಆದರೆ ಅದು ವ್ಯಕ್ತಿ ಮತ್ತು ಕುಟುಂಬದ ಆರೋಗ್ಯವನ್ನು ಕುರಿತ ಬರಹ. ಜನಸಮುದಾಯದ ಆರೋಗ್ಯವನ್ನು ಆಡಳಿತ, ಆರ್ಥಿಕತೆ, ಜಾತಿವರ್ಗಗಳ ಸಂದರ್ಭದಲ್ಲಿಟ್ಟು ನೋಡುವ ವಿಶ್ವವಿದ್ಯಾಲಯ ಮಟ್ಟದ ಬರಹ ಕನ್ನಡದಲ್ಲಿ ಆ ಪ್ರಮಾಣದಲ್ಲಿ ಬೆಳೆಯಬೇಕಾಗಿದೆ.

ತುಮಕೂರಿನ ಅನುಭವ ದೆಹಲಿಯನ್ನು ತಲುಪಿದ್ದು ಅದೇ ಬ್ಯಾನರ್ಜಿಯವರ ಮೂಲಕ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ೧೯೭೧ರಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಅವರು ಕಟ್ಟಿದರು. ಈ ಕೇಂದ್ರ ವೈದ್ಯಕೀಯ ಕಾಲೇಜಿನೊಳಗೆ ಹುಟ್ಟದೆ ಸಮಾಜವಿಜ್ಞಾನಗಳ ನಿಕಾಯದೊಳಗೆ ಹುಟ್ಟಿತೆಂಬುದು ಸಾಂಕೇತಿಕವಾಗಿ ಮಾತ್ರವಲ್ಲ, ವಸ್ತುತಃ ಮಹತ್ತ್ವದ್ದು. ವೈದ್ಯನೂ ಸಮಾಜವಿಜ್ಞಾನಿಯೂ ಒಂದೇ ತರಗತಿಯಲ್ಲಿ ಕುಳಿತು ರೋಗವನ್ನು ಬಡತನ, ಅಧಿಕಾರ, ಸೇವೆಗಳ ಲಭ್ಯತೆ ಇವುಗಳೊಂದಿಗೆ ಸೇರಿಸಿ ಅಭ್ಯಸಿಸುವುದು ಇಲ್ಲಿ ಸಾಧ್ಯವಾಯಿತು. ಸಾರ್ವಜನಿಕ ಆರೋಗ್ಯ ಎಂಬುದು ವೈದ್ಯನ ಎರಡನೆಯ ಪದವಿ ಎಂಬ ಒಂದು ಶತಮಾನದ ಕಲ್ಪನೆ ಇಲ್ಲಿ ಮುರಿಯಿತು.

ಆದರೆ ತುಮಕೂರಿನ ಅಧ್ಯಯನ ನಡೆಸಿದ ಸಂಸ್ಥೆಯೇ ಇನ್ನೊಂದು ಬಗೆಯ ಶಿಕ್ಷಣವನ್ನೂ ಕೊಡುತ್ತಿತ್ತೆಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಜಿಲ್ಲಾ ಕ್ಷಯ ಕಾರ್ಯಕ್ರಮಕ್ಕಾಗಿ ದೇಶದ ನಾನಾ ರಾಜ್ಯಗಳ ತಂಡಗಳನ್ನು ಬೆಂಗಳೂರಿಗೆ ಕರೆಸಿ ತರಬೇತಿ ನೀಡುತ್ತಿತ್ತು. ವೈದ್ಯಾಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಾಲಯ ತಂತ್ರಜ್ಞ, ಕ್ಷಕಿರಣ ತಂತ್ರಜ್ಞ, ಸಂಖ್ಯಾ ಸಹಾಯಕ, ಬಿ.ಸಿ.ಜಿ. ತಂಡದ ನಾಯಕ - ಇವರೆಲ್ಲ ಒಟ್ಟಾಗಿ ಬಂದು ಕಲಿತು ತಮ್ಮ ಜಿಲ್ಲೆಗಳಿಗೆ ಮರಳುತ್ತಿದ್ದರು. ಇದು ಪದವಿಯಿಲ್ಲದ, ಆದರೆ ಹುದ್ದೆಯಿದ್ದ ಶಿಕ್ಷಣ. ದೆಹಲಿಯದು ಪದವಿಯಿದ್ದ, ಆದರೆ ಪ್ರಭುತ್ವದ ವೃಂದದಲ್ಲಿ ಹೆಸರಿಸಿದ ಹುದ್ದೆಯಿಲ್ಲದ ಶಿಕ್ಷಣ. ಒಂದೇ ಬುಡದಿಂದ ಹೊರಟ ಈ ಎರಡು ಕವಲುಗಳು ಮುಂದೆ ಒಂದಾಗಲಿಲ್ಲ.

೬

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ ೧೯೯೭ರಲ್ಲಿ ಎಂ.ಪಿ.ಎಚ್. ಪದವಿ ಆರಂಭವಾದಲ್ಲಿಂದ ಈ ಚರಿತ್ರೆಯ ಈಚಿನ ಘಟ್ಟ ತೊಡಗುತ್ತದೆ. ೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ೨೦೦೬ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನ ಅಸ್ತಿತ್ವಕ್ಕೆ ಬಂದವು. ಅಭಿಯಾನಕ್ಕೆ ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು ಬೇಕಾದರು. ೨೦೦೪ರಲ್ಲಿ ಮೊದಲಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಗೆ ಸಾಂಕ್ರಾಮಿಕ ರೋಗತಜ್ಞರು ಬೇಕಾದರು. ಪ್ರತಿಷ್ಠಾನ ಹೈದರಾಬಾದು, ಗಾಂಧಿನಗರ, ದೆಹಲಿ, ಭುವನೇಶ್ವರ, ಬೆಂಗಳೂರು ಮುಂತಾದೆಡೆ ಸಂಸ್ಥೆಗಳನ್ನು ತೆರೆಯಿತು. ವಿಶ್ವವಿದ್ಯಾಲಯಗಳೂ ಒಂದರ ಹಿಂದೊಂದು ಎಂ.ಪಿ.ಎಚ್. ಪದವಿಯನ್ನು ಆರಂಭಿಸಿದವು. ಸಾಂಕ್ರಾಮಿಕ ರೋಗವಿಜ್ಞಾನ, ಜೀವಸಂಖ್ಯಾಶಾಸ್ತ್ರ, ಆರೋಗ್ಯ ನೀತಿ, ಆರೋಗ್ಯ ಅರ್ಥಶಾಸ್ತ್ರ, ಪರಿಸರ ಆರೋಗ್ಯ, ಸಾಮಾಜಿಕ ಮತ್ತು ವರ್ತನ ವಿಜ್ಞಾನಗಳು ಇದರ ಸಾಮಾನ್ಯ ಪಠ್ಯವಿಷಯಗಳು.

ಈ ಪದವೀಧರರು ಹಿಡಿದ ವೃತ್ತಿಗಳು ಹಲವು: ಸರ್ಕಾರಿ ಯೋಜನೆಗಳ ನಿರ್ವಹಣೆ, ರೋಗಗಳ ಸರ್ವೇಕ್ಷಣೆ, ಅಂಕಿಅಂಶಗಳ ವಿಶ್ಲೇಷಣೆ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ, ಅಂತರರಾಷ್ಟ್ರೀಯ ಸಂಸ್ಥೆಗಳ ಸಲಹಾಕಾರ್ಯ, ಆಸ್ಪತ್ರೆ ಮತ್ತು ವಿಮೆಯ ಆಡಳಿತ, ಸಂಶೋಧನೆ, ಅಧ್ಯಾಪನ. ವೈವಿಧ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಸ್ಥಿರತೆಗೆ. ಸರ್ಕಾರದ ವ್ಯವಸ್ಥೆಯೊಳಗೆ ಇವರಿಗೆ ದೊರೆತ ಕೆಲಸಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಯೋಜನೆಯ ಅವಧಿಯೊಂದಿಗೆ ಹುದ್ದೆಯ ಅವಧಿಯೂ ಮುಗಿಯುತ್ತದೆ. ಹುದ್ದೆಯಲ್ಲಿದ್ದವನು ಜಿಲ್ಲೆಯ ಬಗ್ಗೆ ಸಂಪಾದಿಸಿದ್ದ ತಿಳಿವೂ ಅವನೊಂದಿಗೆ ಹೊರಟುಹೋಗುತ್ತದೆ. ೧೮೮೮ರ ಕಾಯಿದೆಯ ತರ್ಕ ಇಲ್ಲಿ ತಿರುವುಮುರುವಾಗಿದೆ. ಅಲ್ಲಿ ಹುದ್ದೆ ಪದವಿಯನ್ನು ಹುಟ್ಟಿಸಿತು. ಇಲ್ಲಿ ಪದವಿಗಳು ಮೊದಲು ಹುಟ್ಟಿ ಹುದ್ದೆಗಾಗಿ ಕಾದಿವೆ.

ಈ ಕೊರತೆಯನ್ನು ಕರ್ನಾಟಕ ಅರಿಯದೆ ಇರಲಿಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ ೨೦೦೧ರಲ್ಲಿ ಸಲ್ಲಿಸಿದ ವರದಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದದ ಅಗತ್ಯವನ್ನು ಮುಂದಿಟ್ಟಿತು. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲಿಯೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ರಚನೆಯಾಗಬೇಕೆಂದು ಹ���ಳಿತು. ಕೋವಿಡ್ ಮಹಾಮಾರಿಯ ಅನುಭವದ ನಂತರ, ೨೦೨೨ರಲ್ಲಿ ಕೇಂದ್ರ ಸರ್ಕಾರ ಈ ವೃಂದದ ರಚನೆಗೆ ಮಾರ್ಗದರ್ಶಿಯನ್ನು ಹೊರತಂದಿತು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಮಾರ್ಗದರ್ಶಿ ನೇಮಕಾತಿಯ ನಿಯಮವಾಗಿ ಪರಿವರ್ತಿತವಾಗುವುದು ಆಯಾ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು.

೭

ಈವರೆಗಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಶಿಕ್ಷಣ ದುರ್ಬಲವಾದುದಕ್ಕೆ ವಿದ್ಯಾರ್ಥಿಗಳ ನಿರಾಸಕ್ತಿಯನ್ನಾಗಲಿ ಪಠ್ಯಕ್ರಮದ ದೋಷವನ್ನಾಗಲಿ ಮುಖ್ಯ ಕಾರಣವಾಗಿ ಹೇಳಲಾಗದು. ಕಾಯಿದೆಯೋ ವೃಂದವೋ ಪದವಿಯನ್ನು ಹುದ್ದೆಗೆ ಬಿಗಿದ ಕಡೆ - ಬ್ರಿಟನ್ನಿನಲ್ಲಿ, ಮದರಾಸಿನಲ್ಲಿ - ಅದು ವೃತ್ತಿಯಾಗಿ ನಿಂತಿತು. ಆ ಬಿಗಿತ ತಪ್ಪಿದ ಕಡೆ ಅತ್ಯುತ್ತಮ ಚಿಂತನೆಯೂ ಪುಸ್ತಕದಲ್ಲಿ ಉಳಿಯಿತು. ವೈದ್ಯರಲ್ಲದವರಿಗೆ ತೆರೆದುಕೊಂಡದ್ದರಿಂದ ಶಾಸ್ತ್ರ ಶ್ರೀಮಂತವಾಯಿತು. ಆದರೆ ಆ ಹೊಸಬರಿಗೆ ಆಡಳಿತದೊಳಗೆ ಬಾಗಿಲು ಅಷ್ಟೇ ಅಗಲವಾಗಿ ತೆರೆಯಲಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಅದು ಈ ಶಾಸ್ತ್ರಕ್ಕೆ ಕ್ಷೇತ್ರವನ್ನು ಕೊಟ್ಟಿತು, ಮಾತನ್ನು ಕೊಟ್ಟಿತು, ಪ್ರಯೋಗಕ್ಕೆ ತನ್ನ ಹಳ್ಳಿಗಳನ್ನೇ ಒಡ್ಡಿತು. ಮಂಡ್ಯದ ಆರೋಗ್ಯ ಘಟಕ, ರಾಮನಗರದ ತರಬೇತಿ ಕೇಂದ್ರ, ತುಮಕೂರಿನ ಸಂದರ್ಶನಗಳು ಬಿಡಿಬಿಡಿಯಾದ ಸ್ಥಳೀಯ ಘಟನೆಗಳಲ್ಲ. ಕಲ್ಕತ್ತ, ದೆಹಲಿ, ಜಿನೀವಾಗಳವರೆಗೆ ಹಬ್ಬಿದ ಜ್ಞಾನಚರಿತ್ರೆಯ ಕೊಂಡಿಗಳು. ಇವುಗಳನ್ನು ಕನ್ನಡದ ಕಡೆಯಿಂದ ನೋಡುವ ಕೆಲಸಕ್ಕೆ ಸಾಮಗ್ರಿ ಕಡಿಮೆಯಿಲ್ಲ. ಸಂಸ್ಥಾನದ ಆಡಳಿತ ವರದಿಗಳು, ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು, ಪ್ಲೇಗು ಮತ್ತು ಮಲೇರಿಯಾದ ಕಾಲವನ್ನು ಕಂಡ ಲೇಖಕರ ಆತ್ಮಕಥೆಗಳು, ದೇವಿ ಹಾಕುವವನೂ ಹೆಲ್ತ್ ಇನ್‌ಸ್ಪೆಕ್ಟರನೂ ಪಾತ್ರಗಳಾಗಿ ಬರುವ ಕಥೆ ಕಾದಂಬರಿಗಳು - ಇವನ್ನೆಲ್ಲ ಒಟ್ಟಿಗೆ ಓದುವ ಅಗತ್ಯವಿದೆ. ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿರುವ ಕನ್ನಡ ಸಂಶೋಧಕರಿಗೆ ಆಯಾ ಹಳೆಯ ಪ್ರಾಂತಗಳ ಪತ್ರಾಗಾರಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಕರ್ನಾಟಕದ ಒಳಗಿರುವವರಿಗೆ ಇಲ್ಲದ ಅನುಕೂಲವಿದು.

ತುಮಕೂರಿನ ರೋಗಿ ಆಸ್ಪತ್ರೆಯ ಬಾಗಿಲಿಗೆ ತಾನಾಗಿಯೇ ಬಂದಿದ್ದ; ಅವನನ್ನು ಸರಿಯಾಗಿ ಪರೀಕ್ಷಿಸುವ ವ್ಯವಸ್ಥೆ ಒಳಗಿರಲಿಲ್ಲ. ಇಂದು ಸಾರ್ವಜನಿಕ ಆರೋಗ್ಯವನ್ನು ಓದಿ ಹೊರಬರುವ ವಿದ್ಯಾರ್ಥಿಯ ಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಅವನೂ ಬಾಗಿಲಿಗೆ ಬಂದು ನಿಂತಿದ್ದಾನೆ. ೧೯೬೩ರ ಅಧ್ಯಯನ ರೋಗಿಯನ್ನು ದೂರದೆ ವ್ಯವಸ್ಥೆಯನ್ನು ಪರಿಶೀಲಿಸಬೇಕೆಂದು ಹೇಳಿಕೊಟ್ಟಿತು. ವಿದ್ಯಾರ್ಥಿಯ ವಿಷಯದಲ್ಲಿಯೂ ಅದೇ ಪರಿಶೀಲನೆ ನಡೆಯಬೇಕಾಗಿದೆ.